ರಾತ್ರಿ ಓಡುವ ಲೆಕ್ಕಗಳಿಗೆ ಒಂದು ಕ್ಯಾಟಲಾಗ್: ಹಾಸನದ ಸೊಸೈಟಿಯೊಂದರ ಕೆಲಸಗಳನ್ನು ಬ್ಯಾಕ್‌ಸ್ಟೇಜ್‌ಗೆ ತಂದ ವಿವರ

ಹಾಸನದಲ್ಲಿ ನಮ್ಮದು ನಾಲ್ಕು ಜನರ ಸಾಫ್ಟ್‌ವೇರ್ ತಂಡ. ಒಂದು ಪತ್ತಿನ ಸಹಕಾರ ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಮುಖ್ಯ ಕಚೇರಿ ಹಾಸನದಲ್ಲೇ. ಸಕಲೇಶಪುರ, ಬೇಲೂರು, ಆಲೂರು, ಹೊಳೆನರಸೀಪುರ, ಅರಸೀಕೆರೆಯಲ್ಲಿ ಶಾಖೆಗಳಿವೆ. ಹಗಲು ಕೌಂಟರ್‌ನಲ್ಲಿ ನಡೆಯುವ ಕೆಲಸ ಎಲ್ಲರಿಗೂ ಕಾಣುತ್ತದೆ. ರಾತ್ರಿ ತಾನಾಗಿ ಓಡುವ ಕೆಲಸ ಯಾರಿಗೂ ಕಾಣುವುದಿಲ್ಲ. ಪಿಗ್ಮಿ ಜಮಾ, ಬಡ್ಡಿ ಲೆಕ್ಕ, ಒಡವೆ ಸಾಲದ ನೋಟಿಸ್, ಬ್ಯಾಂಕ್ ಖಾತೆಯಿಂದ ಕಂತು ಎಳೆಯುವ ನ್ಯಾಚ್ ಫೈಲ್, ಎಸ್ಸೆಮ್ಮೆಸ್, ಡೇಬುಕ್, ಸುಸ್ತಿ ಪಟ್ಟಿ, ಎಲ್ಲ ಆಗಲೇ ಆಗೋದು. ಯಾವುದು ಎಲ್ಲಿದೆ, ಯಾವುದರ ಹಿಂದೆ ಯಾವುದು ಓಡಬೇಕು ಅನ್ನುವುದು ಒಂದು ಎಕ್ಸೆಲ್ ಶೀಟ್‌ನಲ್ಲಿತ್ತು. ಶೀಟ್‌ನಲ್ಲಿ ಇಲ್ಲದ್ದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ತಲೆಯಲ್ಲಿತ್ತು. ಅವರು ಬೆಂಗಳೂರಿಗೆ ಹೋಗುವುದು ಗಟ್ಟಿಯಾದ ಮೇಲೆ ಈ ಕೆಲಸಕ್ಕೆ ಕೈ ಹಾಕಿದೆವು.

ಆರಿಸಿಕೊಂಡದ್ದು ಬ್ಯಾಕ್‌ಸ್ಟೇಜ್, ಯಾವ ಪ್ರೋಗ್ರಾಂ ಏನು, ಯಾರದ್ದು ಅಂತ ಪಟ್ಟಿ ಇಡುವ ಸಾಫ್ಟ್‌ವೇರ್. ಸ್ಪಾಟಿಫೈ ಕಂಪನಿ ತನ್ನ ಒಳಗಿನ ಬಳಕೆಗೆ ಮಾಡಿಕೊಂಡಿದ್ದನ್ನು 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಲೈಸೆನ್ಸ್‌ಗೆ ದುಡ್ಡಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸೊಸೈಟಿಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಬ್ಯಾಕ್‌ಸ್ಟೇಜ್ ಯಾವ ಕೆಲಸವನ್ನೂ ಓಡಿಸುವುದಿಲ್ಲ. ಅದು ಪಹಣಿ ಇದ್ದ ಹಾಗೆ. ಪಹಣಿ ಜಮೀನು ಉಳುವುದಿಲ್ಲ, ಆದರೆ ಯಾರದ್ದು, ಏನು ಬೆಳೆ, ಮೇಲೆ ಏನು ಸಾಲ ಇದೆ ಅಂತ ಒಂದೇ ಕಡೆ ಬರೆದಿರುತ್ತದೆ. ಕೆಲಸಗಳು ಮೊದಲಿನ ಹಾಗೇ ಸರ್ವರ್‌ನ ಕ್ರಾನ್‌ನಲ್ಲಿ, ಅಂದರೆ ಹೇಳಿದ ವೇಳೆಗೆ ಕೆಲಸ ಶುರು ಮಾಡುವ ವ್ಯವಸ್ಥೆಯಲ್ಲಿ, ಓಡುತ್ತವೆ. ಪ್ರತಿ ಕೆಲಸಕ್ಕೂ ಅದರ ವಿವರ ಸಾಲು ಸಾಲಾಗಿ ಬರೆದ ಒಂದು ಸಣ್ಣ ಯಾಮಲ್ ಫೈಲ್ ಗಿಟ್‌ನಲ್ಲಿರುತ್ತದೆ (ಗಿಟ್ ಅಂದರೆ ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ವ್ಯವಸ್ಥೆ). ಬ್ಯಾಕ್‌ಸ್ಟೇಜ್ ಅದನ್ನು ಓದಿ ಪುಟ ಮಾಡಿ ತೋರಿಸುತ್ತದೆ.

ಹಂತ 1: ಏನೇನಿದೆ ಅಂತ ಎಣಿಸಿದ್ದು

ಹಳೇ ಶೀಟ್‌ನಲ್ಲಿ 22 ಸಾಲುಗಳಿದ್ದವು. ಅದನ್ನೇ ನಂಬಿ ಶುರು ಮಾಡುವ ಯೋಚನೆ ಇತ್ತು. ಸುಮ್ನೆ ಒಂದು ಸಲ ಸರ್ವರ್‌ಗಳ ಕ್ರಾನ್ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಎರಡಕ್ಕೂ ತಾಳೆ ಆಗಲಿಲ್ಲ. ಹಾಗಾಗಿ ಮೊದಲಿಂದ ಹುಡುಕಿದೆವು.

ಹುಡುಕಿದ ಜಾಗಗಳು ಇವು: ಎರಡು ಲಿನಕ್ಸ್ ಸರ್ವರ್‌ಗಳ ಕ್ರಾನ್. ಅದರಲ್ಲಿ ರೂಟ್ (ಸರ್ವರ್‌ನ ಮುಖ್ಯ ಯೂಸರ್) ಹೆಸರಿನದ್ದು ಬೇರೆ, ಅಪ್ಲಿಕೇಶನ್ ಯೂಸರ್ ಹೆಸರಿನದ್ದು ಬೇರೆ, ಎರಡನ್ನೂ ನೋಡಬೇಕು. ಡೇಟಾಬೇಸ್ ಒಳಗೇ ಇಟ್ಟಿದ್ದ ಟೈಮ್ ಇವೆಂಟ್‌ಗಳು. ಶಾಖೆಯ ವಿಂಡೋಸ್ ಕಂಪ್ಯೂಟರ್‌ನ ಟಾಸ್ಕ್ ಶೆಡ್ಯೂಲರ್. ಕೊನೆಗೆ, ಜನ ಕೈಯಿಂದ ಓಡಿಸುವ ಎಕ್ಸೆಲ್ ಮ್ಯಾಕ್ರೋಗಳು.

ಕೊನೆಯದ್ದು ತುಂಬಾ ಮುಖ್ಯ. ತಿಂಗಳ ಕೊನೆಯಲ್ಲಿ ಸುಸ್ತಿದಾರರ ಪಟ್ಟಿ ತೆಗೆಯೋದು ಸಾಫ್ಟ್‌ವೇರ್ ಅಂತಲೇ ನಾವು ತಿಳಿದಿದ್ದೆವು. ನಿಜಕ್ಕೂ ಸಾಫ್ಟ್‌ವೇರ್ ಒಂದು ಕಚ್ಚಾ ಫೈಲ್ ಕೊಡುತ್ತದೆ, ಅಷ್ಟೇ. ಮುಖ್ಯ ಕಚೇರಿಯ ಅಕೌಂಟೆಂಟ್ ಮೇಡಂ ಅದನ್ನು ತಮ್ಮ ಮ್ಯಾಕ್ರೋಗೆ ಹಾಕಿ, ಕೋರ್ಟ್‌ನಲ್ಲಿರುವ ಖಾತೆಗಳನ್ನು ತೆಗೆದು, ಆಮೇಲೆ ಶಾಖೆಗಳಿಗೆ ಕಳಿಸುತ್ತಾರೆ. ಆ ಮ್ಯಾಕ್ರೋ ಅವರ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಇತ್ತು. ಅವರು ರಜೆ ಹಾಕಿದ ತಿಂಗಳು ಪಟ್ಟಿ ತಡ ಆಗುತ್ತಿದ್ದದ್ದು ಇದಕ್ಕೇ.

ಎಲ್ಲ ಸೇರಿ 37 ಕೆಲಸ ಸಿಕ್ಕವು. ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಮೊದಲು ಈ ಎಣಿಕೆ ಮುಗಿಸಿ ಅಂತ ಕೇಳಿಕೊಳ್ಳುತ್ತೇನೆ. ಒಂದು ರೂಲು ಪುಸ್ತಕ ಮತ್ತು ಪೆನ್ ಸಾಕು. ಪ್ರತಿ ಕೌಂಟರ್‌ನಲ್ಲಿ ಕೂತು "ಬೆಳಗ್ಗೆ ಬಂದ ತಕ್ಷಣ ಯಾವ ಫೈಲ್ ನೋಡ್ತೀರಿ, ಅದು ಇರದಿದ್ರೆ ಯಾರಿಗೆ ಫೋನ್ ಮಾಡ್ತೀರಿ" ಅಂತ ಕೇಳಬೇಕು. ಇದರಿಂದ ಸಿಕ್ಕಷ್ಟು ಮಾಹಿತಿ ಸರ್ವರ್‌ನಿಂದ ಸಿಗಲಿಲ್ಲ.

ಹಂತ 2: ಮಷೀನ್ ಮತ್ತು ಇನ್‌ಸ್ಟಾಲ್

ಆಫೀಸಿನಲ್ಲಿ ಖಾಲಿ ಇದ್ದ ಒಂದು ಡೆಸ್ಕ್‌ಟಾಪ್ ತಗೊಂಡೆವು. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಉಬುಂಟು ಹಾಕಿ, ಬ್ಯಾಕ್‌ಸ್ಟೇಜ್‌ಗೆ ಬೇಕಾದ ನೋಡ್ ಮತ್ತು ಯಾರ್ನ್ ಹಾಕಿ, ಬ್ಯಾಕ್‌ಸ್ಟೇಜ್‌ನ ಕ್ರಿಯೇಟ್-ಆ್ಯಪ್ ಕಮಾಂಡ್ ಕೊಟ್ಟೆವು. ಡೌನ್‌ಲೋಡ್ ಆಯಿತು. ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು) ಅರ್ಧಕ್ಕೆ ನಿಂತಿತು: ಹೀಪ್ ಔಟ್ ಆಫ್ ಮೆಮೊರಿ, ಅಂದರೆ ಮೆಮೊರಿ ಸಾಲದು. ನೋಡ್‌ಗೆ ಮೆಮೊರಿ ಮಿತಿ ಜಾಸ್ತಿ ಮಾಡಿ ನೋಡಿದೆವು, ಆಗ ಇಡೀ ಮಷೀನ್ ಗಟ್ಟಿಯಾಗಿ ನಿಂತುಬಿಟ್ಟಿತು. ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸುವ ಸ್ವಾಪ್ ಫೈಲ್ ಹಾಕಿದರೆ ಬಿಲ್ಡ್ ಮುಗಿಯಿತು, ಆದರೆ ಹಾರ್ಡ್ ಡಿಸ್ಕ್ ಮೇಲಿನ ಸ್ವಾಪ್ ಆದ್ದರಿಂದ ಕಾಯುವುದೇ ಕೆಲಸವಾಯಿತು. ಕೊನೆಗೆ 8 ಜಿಬಿಯ ಒಂದು ರ‍್ಯಾಮ್ ಕಡ್ಡಿ 1,900 ರೂಪಾಯಿಗೆ, 240 ಜಿಬಿಯ ಎಸ್‌ಎಸ್‌ಡಿ 1,700 ರೂಪಾಯಿಗೆ ತಂದು ಹಾಕಿದೆವು. ಆಮೇಲೆ ಈ ವಿಷಯಕ್ಕೆ ಮತ್ತೆ ತಲೆ ಕೆಡಿಸಿಕೊಳ್ಳಲಿಲ್ಲ.

ಶುರುವಿನಲ್ಲಿ ಗೊತ್ತಿರಬೇಕಾದ ಮೂರು ವಿಷಯ:

ಒಂದು, ಹೊಸದಾಗಿ ಮಾಡಿದ ಆ್ಯಪ್ ತನ್ನ ಡೇಟಾಬೇಸನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಸ್ಕ್ರೀನಿನಿಂದ ಸೇರಿಸಿದ್ದೆಲ್ಲ ರೀಸ್ಟಾರ್ಟ್ ಆದರೆ ಹೋಯಿತು. ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಗೋದು ಮಾಮೂಲಿ, ಹಾಗಾಗಿ ಇದು ಬೇಗ ಗೊತ್ತಾಯಿತು. ಡಿಸ್ಕ್‌ನಲ್ಲಿ ಉಳಿಯುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬದಲಾಯಿಸಿದೆವು. ಒಂದು ಯುಪಿಎಸ್‌ಗೆ 2,900 ರೂಪಾಯಿ ಆಯಿತು.

ಎರಡು, ಅತಿಥಿಯಾಗಿ ಒಳಗೆ ಹೋಗುವ ಬಟನ್ ಡೆವಲಪ್‌ಮೆಂಟ್‌ಗೆ ಮಾತ್ರ. ನಿಜವಾದ ಬಳಕೆಗೆ ಗಿಟ್‌ಲ್ಯಾಬ್ (ನಮ್ಮ ಗಿಟ್ ಫೈಲ್‌ಗಳಿರುವ ಜಾಗ) ಲಾಗಿನ್ ಕೊಟ್ಟೆವು. ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡಲಿಲ್ಲ. "ಅನೇಬಲ್ ಟು ರಿಸಾಲ್ವ್ ಯೂಸರ್ ಐಡೆಂಟಿಟಿ" (ಈ ಯೂಸರ್ ಯಾರು ಅಂತ ಗೊತ್ತಾಗುತ್ತಿಲ್ಲ) ಅಂತ ಕೆಂಪು ಪಟ್ಟಿ ಬರುತ್ತಿತ್ತು. ನಾವು ಹಾಕಿಕೊಂಡ ರಿಸಾಲ್ವರ್ (ಲಾಗಿನ್ ಆದವರು ಯಾರು ಅಂತ ಗುರುತಿಸುವ ನಿಯಮ) ಪ್ರಕಾರ ಲಾಗಿನ್ ಆಗುವ ಮನುಷ್ಯ ಕ್ಯಾಟಲಾಗ್‌ನಲ್ಲೂ ಯೂಸರ್ ಅಂತ ದಾಖಲಾಗಿರಬೇಕು, ಇಮೇಲ್ ಎರಡೂ ಕಡೆ ಒಂದೇ ಇರಬೇಕು.

ಮೂರು, ಆ ಯೂಸರ್ ಫೈಲ್ ಹಾಕಿದರೂ ಒಪ್ಪಲಿಲ್ಲ. ಕಾನ್ಫಿಗ್‌ನಲ್ಲಿ ಯಾವ ಬಗೆಯ ದಾಖಲೆ ಒಳಗೆ ಬರಬಹುದು ಅಂತ ಒಂದು ಪಟ್ಟಿ ಇದೆ. ಕಾಂಪೊನೆಂಟ್, ಸಿಸ್ಟಮ್, ಎಪಿಐ, ರಿಸೋರ್ಸ್, ಲೊಕೇಶನ್ ಮಾತ್ರ ಅದರಲ್ಲಿರುತ್ತವೆ. ಯೂಸರ್, ಗ್ರೂಪ್, ಡೊಮೈನ್, ಟೆಂಪ್ಲೇಟ್ ಬೇಕಾದರೆ ನಾವೇ ಸೇರಿಸಬೇಕು. ಯೂಸರ್ ಮತ್ತು ಗ್ರೂಪ್‌ಗೆ ಒಂದೇ ಒಂದು ಫೈಲ್‌ನಿಂದ ಮಾತ್ರ ಅನುಮತಿ ಕೊಟ್ಟೆವು. ಯಾರ ಕೈಯಲ್ಲಿ ಏನಿದೆ ಅನ್ನೋದು ಎಲ್ಲರೂ ತಿದ್ದುವ ವಿಷಯ ಆಗಬಾರದು.

ಹಂತ 3: ಹೇಗೆ ಜೋಡಿಸುವುದು

ಬ್ಯಾಕ್‌ಸ್ಟೇಜ್‌ನಲ್ಲಿ ಮೇಲೆ ಡೊಮೈನ್, ಅದರ ಕೆಳಗೆ ಸಿಸ್ಟಮ್, ಅದರೊಳಗೆ ಕಾಂಪೊನೆಂಟ್. ಕಾಂಪೊನೆಂಟ್‌ಗೆ ಬೇಕಾದ ಡೇಟಾಬೇಸ್, ಫೋಲ್ಡರ್ ಮುಂತಾದವು ರಿಸೋರ್ಸ್. ನಮ್ಮ ರಾತ್ರಿ ಕೆಲಸಗಳೆಲ್ಲ ಕಾಂಪೊನೆಂಟ್, ಟೈಪ್ ಮಾತ್ರ ಬ್ಯಾಚ್. ಟೈಪ್‌ಗೆ ನಮಗೆ ಬೇಕಾದ ಹೆಸರು ಕೊಡಬಹುದು, ತೊಂದರೆ ಇಲ್ಲ.

ಮೊದಲು ಶಾಖೆಗೊಂದು ಸಿಸ್ಟಮ್ ಅಂತ ಮಾಡಿದೆವು. ಸೊಸೈಟಿಯವರು ಮಾತಾಡುವುದೇ ಹಾಗೆ: ಸಕಲೇಶಪುರದ್ದು, ಬೇಲೂರಿನದ್ದು ಅಂತ. ಹಾಕಿ ನೋಡಿದರೆ ಪ್ರತಿ ಶಾಖೆಯ ಕೆಳಗೂ ಅದೇ ಪಿಗ್ಮಿ ಜಮಾ, ಅದೇ ಬಡ್ಡಿ ಲೆಕ್ಕ. ಒಂದೇ ಪ್ರೋಗ್ರಾಂ ಆರು ಸಲ. ಒಂದರ ವೇಳೆ ಬದಲಾದರೆ ಆರು ಫೈಲ್ ತಿದ್ದಬೇಕು. ಅದನ್ನು ಬಿಟ್ಟು ವ್ಯವಹಾರದ ಪ್ರಕಾರ ಮಾಡಿದೆವು. ಠೇವಣಿ, ಸಾಲ, ಪಾವತಿ ಅನ್ನುವ ಮೂರು ಡೊಮೈನ್. ಠೇವಣಿ ಕೆಳಗೆ ಪಿಗ್ಮಿ, ಎಫ್‌ಡಿ, ಉಳಿತಾಯ. ಸಾಲದ ಕೆಳಗೆ ಒಡವೆ ಸಾಲ, ಬೆಳೆ ಸಾಲ, ವಾಹನ ಸಾಲ. ಪಾವತಿ ಕೆಳಗೆ ನ್ಯಾಚ್ ಮತ್ತು ಎಸ್ಸೆಮ್ಮೆಸ್.

ಹೀಗೆ ಮಾಡುವಾಗ ಬೆಳೆ ಸಾಲದ ಕಂತು ನೆನಪಿಸುವ ಪ್ರೋಗ್ರಾಂನಲ್ಲಿ ಒಂದು ಸಾಲು ಸಿಕ್ಕಿತು. ಶಾಖೆ ಸಂಖ್ಯೆ 04 ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಮೆಸೇಜ್ ಕಳಿಸಬೇಡ ಅಂತ ಬರೆದಿತ್ತು. ಕಾರಣ ಎಲ್ಲೂ ಇಲ್ಲ. 04 ಅಂದರೆ ಸಕಲೇಶಪುರ. ನಮ್ಮ ತಂಡದ ಹುಡುಗ ಇದು ಹಳೇ ಟೆಸ್ಟಿಂಗ್ ಕೋಡ್ ಇರಬೇಕು, ತೆಗೆದುಬಿಡೋಣ ಅಂದ. ತೆಗೆಯುವ ಮೊದಲು ಶಾಖೆಯ ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಅಯ್ಯೋ, ಅದನ್ನ ಮುಟ್ಟಬೇಡಿ ಸರ್" ಅಂದರು. "ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತೆ, ಆಮೇಲೆ ರೊಬಸ್ಟಾ. ಇದ್ದಬದ್ದ ದುಡ್ಡೆಲ್ಲ ಕೂಲಿಗೇ ಹೋಗಿರುತ್ತೆ. ಆಗ ಕಂತು ಕಟ್ಟಿ ಅಂತ ಮೆಸೇಜ್ ಹೋದ್ರೆ ಜನ ನನ್ನ ಕೌಂಟರ್ ಮುಂದೆ ಬಂದು ನಿಲ್ತಾರೆ. ಕಾಫಿ ಮಾರಿದ ಮೇಲೆ ಮಾರ್ಚ್‌ನಲ್ಲಿ ಅವರೇ ಬಂದು ಕಟ್ತಾರೆ."

ಹೊಳೆನರಸೀಪುರ, ಹಾಸನ ಕಡೆಯ ಬಯಲಿನಲ್ಲಿ ಆಲೂಗಡ್ಡೆ ಬಿತ್ತನೆ ಮೇ-ಜೂನ್‌ನಲ್ಲಿ. ಅಲ್ಲಿ ಕೈಗೆ ದುಡ್ಡು ಬರುವ ತಿಂಗಳೇ ಬೇರೆ. ಅರಸೀಕೆರೆಯ ತೆಂಗಿನವರಿಗೆ ಮತ್ತೂ ಬೇರೆ. ಅಂದರೆ ಆ ಒಂದು ಸಾಲು ಕೋಡ್ ಬೆಳೆಯ ಲೆಕ್ಕವನ್ನು ಶಾಖೆಯ ಲೆಕ್ಕ ಅಂತ ಬರೆದಿತ್ತು. ಬೇಲೂರು ಶಾಖೆಯಲ್ಲೂ ಕಾಫಿ ಬೆಳೆಗಾರರು ಇದ್ದಾರೆ, ಅವರಿಗೆ ಕೊಯ್ಲಿನ ಮಧ್ಯೆಯೇ ಮೆಸೇಜ್ ಹೋಗುತ್ತಿತ್ತು. ಈಗ ಡೇಟಾಬೇಸ್‌ನಲ್ಲಿ ಬೆಳೆ ಕ್ಯಾಲೆಂಡರ್ ಅಂತಲೇ ಒಂದು ಟೇಬಲ್ ಮಾಡಿ, ಅದನ್ನು ಕ್ಯಾಟಲಾಗ್‌ನಲ್ಲಿ ರಿಸೋರ್ಸ್ ಆಗಿ ಹಾಕಿದ್ದೇವೆ. ಕಂತು ನೆನಪಿಸುವ ಕೆಲಸ ಅದರ ಮೇಲೆ ನಿಂತಿದೆ ಅಂತ ಪುಟದಲ್ಲೇ ಗೆರೆ ಎಳೆದು ತೋರಿಸುತ್ತದೆ. ಸಾಲಗಾರನ ಖಾತೆಯಲ್ಲಿ ಯಾವ ಬೆಳೆ ಇದೆಯೋ ಅದರ ಪ್ರಕಾರ ಮೆಸೇಜ್ ಹೋಗುತ್ತದೆ.

ಹಂತ 4: ಹೆಸರುಗಳು

ದಾಖಲೆಯ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಂಡರ್‌ಸ್ಕೋರ್, ಚುಕ್ಕೆ ಮಾತ್ರ. 63 ಅಕ್ಷರ ಮೀರಬಾರದು. ಕನ್ನಡ ಹಾಕಿದರೆ ಒಪ್ಪುವುದಿಲ್ಲ. ಆದರೆ ಟೈಟಲ್ ಅಂತ ಇನ್ನೊಂದು ಜಾಗ ಇದೆ, ಅಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ. ಸೊಸೈಟಿಯವರು ನೋಡಬೇಕಾದ್ದು ಅಂದಮೇಲೆ ಎಲ್ಲ ಟೈಟಲ್ ಕನ್ನಡದಲ್ಲೇ ಬರೆದೆವು: "ಪಿಗ್ಮಿ ಜಮಾ, ರಾತ್ರಿ 9", "ಒಡವೆ ಸಾಲ ಅವಧಿ ನೋಟಿಸ್". ಅಕೌಂಟೆಂಟ್ ಮೇಡಂ ಮೊದಲ ಸಲ ಪುಟ ತೆರೆದು ತಮ್ಮ ಸುಸ್ತಿ ಪಟ್ಟಿಯನ್ನು ತಾವೇ ಹುಡುಕಿ ತೆಗೆದರು. ನಮಗೆ ಅದು ದೊಡ್ಡ ವಿಷಯ.

ಹುಡುಕಾಟದಲ್ಲಿ ಒಂದು ತೊಡಕಿದೆ. ಮೊದಲಿಂದ ಬರುವ ಹುಡುಕಾಟದ ಎಂಜಿನ್‌ಗೆ ಕನ್ನಡ ಪದ ಕೊಟ್ಟರೆ ನಮಗೆ ಏನೂ ಸಿಗಲಿಲ್ಲ. ಕ್ಯಾಟಲಾಗ್ ಪಟ್ಟಿಯ ಮೇಲಿರುವ ಫಿಲ್ಟರ್ ಪೆಟ್ಟಿಗೆಯಲ್ಲಿ ಕನ್ನಡ ಹಾಕಿದರೆ ಸಿಗುತ್ತದೆ. ಸದ್ಯಕ್ಕೆ ಎಲ್ಲರಿಗೂ ಆ ಪೆಟ್ಟಿಗೆಯನ್ನೇ ತೋರಿಸಿಕೊಟ್ಟಿದ್ದೇವೆ.

ಹಂತ 5: ಶೀಟ್‌ನಿಂದ ಯಾಮಲ್‌ಗೆ

ಶೀಟನ್ನು ಸಿಎಸ್‌ವಿ ಮಾಡಿ, ಪೈಥಾನ್ ಸ್ಕ್ರಿಪ್ಟ್‌ನಿಂದ ಕೆಲಸಕ್ಕೊಂದು ಯಾಮಲ್ ಫೈಲ್ ತೆಗೆದೆವು. ಸ್ಕ್ರಿಪ್ಟ್ ಸಣ್ಣದು. ಶೀಟ್‌ನಲ್ಲಿದ್ದ ಮಾಹಿತಿಯೇ ಕೈ ಕೊಟ್ಟಿತು.

ಎಸ್ಸೆಮ್ಮೆಸ್ ಕೆಲಸಗಳಿಗೆ ಡಿಎಲ್‌ಟಿ (ಎಸ್ಸೆಮ್ಮೆಸ್ ನೋಂದಣಿ ವ್ಯವಸ್ಥೆ) ಟೆಂಪ್ಲೇಟ್ ಸಂಖ್ಯೆ ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ ಪ್ರತಿ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು, ಕಳಿಸುವಾಗ ಅದರ ಸಂಖ್ಯೆ ಜೊತೆಯಲ್ಲಿ ಹೋಗಬೇಕು. ಆ ಸಂಖ್ಯೆ 19 ಅಂಕಿಯದ್ದು. ಎಕ್ಸೆಲ್ 15 ಅಂಕಿ ಮಾತ್ರ ಸರಿಯಾಗಿ ಹಿಡಿಯುತ್ತದೆ, ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಶೀಟ್‌ನಲ್ಲಿದ್ದ ಹೆಚ್ಚಿನ ಸಂಖ್ಯೆಗಳ ಕೊನೆಯ ನಾಲ್ಕು ಅಂಕಿ 0000. ನೋಡಿದರೆ ಸಂಖ್ಯೆಯ ಹಾಗೇ ಕಾಣುತ್ತದೆ, ಅನುಮಾನವೂ ಬರುವುದಿಲ್ಲ. ಓಡುತ್ತಿದ್ದ ಪ್ರೋಗ್ರಾಂಗಳಲ್ಲಿ ಸರಿಯಾದ ಸಂಖ್ಯೆ ಇದ್ದುದರಿಂದ ಮೆಸೇಜ್ ಹೋಗುತ್ತಿದ್ದವು. ಶೀಟ್ ನಂಬಿ ಹೊಸ ಕೆಲಸ ಮಾಡಿದ್ದರೆ ಒಂದೂ ಹೋಗುತ್ತಿರಲಿಲ್ಲ. ಡಿಎಲ್‌ಟಿ ಪೋರ್ಟಲ್‌ನಿಂದ ಎಲ್ಲವನ್ನೂ ಮತ್ತೆ ತೆಗೆದೆವು.

ಯಾಮಲ್‌ನಲ್ಲೂ ಅದೇ ಕಥೆ. ಅನೋಟೇಶನ್‌ಗೆ (ದಾಖಲೆಗೆ ನಾವು ಸೇರಿಸುವ ಹೆಚ್ಚುವರಿ ಮಾಹಿತಿಯ ಸಾಲು) ಉದ್ಧರಣ ಚಿಹ್ನೆ ಇಲ್ಲದೆ ಸಂಖ್ಯೆ ಬರೆದರೆ ಅದನ್ನು ಅಂಕಿ ಅಂತ ಓದಿ, ಇದು ಸ್ಟ್ರಿಂಗ್ (ಪಠ್ಯ) ಅಲ್ಲ ಅಂತ ಬ್ಯಾಕ್‌ಸ್ಟೇಜ್ ವಾಪಸ್ ಕಳಿಸುತ್ತದೆ. ಇದು ಒಳ್ಳೆಯದೇ ಆಯಿತು, ತಪ್ಪು ಸಂಖ್ಯೆ ಒಳಗೆ ನುಗ್ಗಲಿಲ್ಲ. ಈಗ ಟೆಂಪ್ಲೇಟ್ ಸಂಖ್ಯೆ, ಖಾತೆ ಸಂಖ್ಯೆಯ ಮಾದರಿ, ಶಾಖೆ ಸಂಖ್ಯೆ 04, ಎಲ್ಲವೂ ಉದ್ಧರಣ ಚಿಹ್ನೆಯೊಳಗೇ.

ಪ್ರತಿ ಟೆಂಪ್ಲೇಟಿನ ಪಕ್ಕದಲ್ಲಿ ಅದು ಎಷ್ಟು ಎಸ್ಸೆಮ್ಮೆಸ್ ಆಗುತ್ತದೆ ಅಂತಲೂ ಬರೆದೆವು. ಕನ್ನಡದ ಮೆಸೇಜ್ 70 ಅಕ್ಷರದವರೆಗೆ ಒಂದು. ಮೀರಿದರೆ 67ಕ್ಕೊಂದು. ಈ ಅಕ್ಷರದ ಲೆಕ್ಕ ನಮ್ಮ ಕಣ್ಣಿನ ಲೆಕ್ಕ ಅಲ್ಲ. ಸಕಲೇಶಪುರ ನಮಗೆ ಆರು ಅಕ್ಷರ, ಫೋನಿಗೆ ಎಂಟು, ಯಾಕೆಂದರೆ ಸ್ವರದ ಗುರುತುಗಳು ಬೇರೆಯಾಗಿ ಎಣಿಕೆಯಾಗುತ್ತವೆ. ಮೂರು ಎಸ್ಸೆಮ್ಮೆಸ್ ಉದ್ದ ಇದ್ದ ಪಿಗ್ಮಿ ಮೆಸೇಜನ್ನು ಸೊಸೈಟಿಯವರು ಇದನ್ನು ನೋಡಿಯೇ ಚಿಕ್ಕದು ಮಾಡಿಸಿದರು.

ಶೀಟ್‌ನ ಟಿಪ್ಪಣಿ ಕಾಲಂ ಬಗ್ಗೆ ಎಚ್ಚರಿಕೆ. ಅದರಲ್ಲಿ ಬ್ಯಾಂಕಿಗೆ ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಸರ್ವರ್‌ನ ಪಾಸ್‌ವರ್ಡ್ ಇತ್ತು. ಸ್ಕ್ರಿಪ್ಟ್ ಟಿಪ್ಪಣಿಯನ್ನು ವಿವರಣೆ ಅಂತ ತಗೊಂಡು ಯಾಮಲ್‌ಗೆ ಹಾಕಿತ್ತು. ಗಿಟ್‌ಗೆ ಹೋದ ಮೇಲೆ ಸಾಲು ಅಳಿಸಿದರೆ ಸಾಲದು, ಹಿಂದಿನ ಕಮಿಟ್‌ನಲ್ಲಿ ಉಳಿದಿರುತ್ತದೆ. ಬ್ಯಾಂಕಿಗೆ ಹೇಳಿ ಪಾಸ್‌ವರ್ಡ್ ಬದಲಾಯಿಸಿ, ರೆಪೊಸಿಟರಿಯನ್ನು ಹೊಸದಾಗಿ ಶುರು ಮಾಡಿದೆವು. ಟಿಪ್ಪಣಿ ಕಾಲಂ ಎಲ್ಲ ಶೀಟ್‌ನಲ್ಲೂ ಇರುತ್ತದೆ. ಅದನ್ನು ಕಣ್ಣಿನಿಂದ ಓದದೆ ಮುಂದೆ ಹೋಗಬೇಡಿ.

ಫೈಲ್ ತಿದ್ದಿದ ತಕ್ಷಣ ಪುಟ ಬದಲಾಗುವುದಿಲ್ಲ. ಬ್ಯಾಕ್‌ಸ್ಟೇಜ್ ಸುಮಾರು 100ರಿಂದ 150 ಸೆಕೆಂಡಿಗೆ ಒಂದು ಸಲ ಓದುತ್ತದೆ. ಪುಟದ ಮೇಲೆ ರಿಫ್ರೆಶ್ ಬಟನ್ ಇದೆ, ಅವಸರ ಇದ್ದರೆ ಅದನ್ನು ಒತ್ತಿ. ಇನ್ನೊಂದು: ಹೆಸರು ಬದಲಾಯಿಸಿದಾಗ ಹಳೇ ದಾಖಲೆ ಅನಾಥವಾಗಿ ಉಳಿದುಕೊಂಡು ಒಂದೇ ಕೆಲಸ ಎರಡು ಕಡೆ ಕಾಣುತ್ತಿತ್ತು. ಆರ್ಫನ್ ಸ್ಟ್ರಾಟೆಜಿ ಅನ್ನುವ ಸೆಟ್ಟಿಂಗನ್ನು ಡಿಲೀಟ್ ಅಂತ ಹಾಕಿದ ಮೇಲೆ ಸರಿಯಾಯಿತು.

ಹಂತ 6: ಇದು ಯಾರದ್ದು

ಇಡೀ ಕೆಲಸದ ಜೀವ ಇಲ್ಲಿದೆ ಅಂತ ನನ್ನ ನಂಬಿಕೆ. ಯಾಮಲ್‌ನಲ್ಲಿ ಓನರ್ ಅಂತ ಒಂದು ಸಾಲು ಕಡ್ಡಾಯ. ಎಲ್ಲದಕ್ಕೂ ನಮ್ಮ ತಂಡದ ಹೆಸರು ಹಾಕಿಬಿಟ್ಟರೆ ಬೇಗ ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಹಾಗೇ ಇತ್ತು. ನ್ಯಾಚ್ ಕೆಲಸಕ್ಕೆ ಬಂದಾಗ ಅದು ಸಾಲದು ಅಂತ ಗೊತ್ತಾಯಿತು.

ನ್ಯಾಚ್ ಅಂದರೆ ಸದಸ್ಯರ ಬ್ಯಾಂಕ್ ಖಾತೆಯಿಂದ ಕಂತನ್ನು ತಾನಾಗಿ ಎಳೆಯುವ ವ್ಯವಸ್ಥೆ, ನಡೆಸುವುದು ರಾಷ್ಟ್ರೀಯ ಪಾವತಿ ನಿಗಮ, ಎನ್‌ಪಿಸಿಐ. ನಮ್ಮ ಪ್ರೋಗ್ರಾಂ ಫೈಲ್ ಮಾಡಿ ಸ್ಪಾನ್ಸರ್ ಬ್ಯಾಂಕಿನ (ಸೊಸೈಟಿ ಪರವಾಗಿ ಫೈಲ್ ಮುಂದಕ್ಕೆ ಕಳಿಸುವ ಬ್ಯಾಂಕ್) ಫೋಲ್ಡರ್‌ಗೆ ಇಡುತ್ತದೆ. ಅದರಲ್ಲಿ ಒಂದು ನಿಯಮ ಇತ್ತು: ಕಂತಿನ ದಿನ ಭಾನುವಾರ ಅಥವಾ ಎರಡನೇ, ನಾಲ್ಕನೇ ಶನಿವಾರ ಬಂದರೆ ಮುಂದಿನ ಕೆಲಸದ ದಿನಕ್ಕೆ ಹಾಕು. ಬರೆದ ಕಾಲಕ್ಕೆ ಇದು ಸರಿ. ಆಗ ನ್ಯಾಚ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಮಾತ್ರ ನಡೆಯುತ್ತಿತ್ತು. 2021ರ ಆಗಸ್ಟ್ 1ರಿಂದ ವಾರದ ಎಲ್ಲ ದಿನವೂ ನಡೆಯುತ್ತದೆ. ನಿಯಮ ಮಾತ್ರ ಹಾಗೇ ಉಳಿದಿತ್ತು.

ಉಳಿದರೆ ಏನಾಯಿತು ಅಂತೀರಾ? ಕಂತು ಸೋಮವಾರಕ್ಕೆ ಹೋದರೆ ಬಡ್ಡಿಯೂ ಸೋಮವಾರದವರೆಗೆ ಬೀಳುತ್ತದೆ. ಒಂದು ಲಕ್ಷಕ್ಕೆ ವರ್ಷಕ್ಕೆ ಶೇಕಡ 12ರ ಬಡ್ಡಿ ಅಂದರೆ ಒಂದು ದಿನಕ್ಕೆ 32 ರೂಪಾಯಿ 88 ಪೈಸೆ. ಸಣ್ಣ ಮೊತ್ತ. ಆದರೆ ಅದು ಸದಸ್ಯನ ದುಡ್ಡು. ಖಾತೆಯಲ್ಲಿ ಕಂತಿಗೆ ಅಂತ ದುಡ್ಡು ಇಟ್ಟುಕೊಂಡು ಕೂತವನ ತಪ್ಪು ಏನೂ ಇಲ್ಲ.

ಈ ನಿಯಮ ತೆಗೆಯಬೇಕೋ ಬೇಡವೋ ಅನ್ನೋದನ್ನು ಸಾಫ್ಟ್‌ವೇರ್ ತಂಡ ನಿರ್ಧರಿಸುವ ಹಾಗಿಲ್ಲ. ನಾವು ಕೇಳಿದಾಗ ವಸೂಲಿ ವಿಭಾಗದವರು ಅದು ಅಕೌಂಟ್ಸ್ ವಿಷಯ ಅಂದರು, ಅಕೌಂಟ್ಸ್‌ನವರು ಅದು ಬ್ಯಾಂಕಿನವರು ಹೇಳಿದ್ದಿರಬೇಕು ಅಂದರು. ಯಾರೂ ಸುಳ್ಳು ಹೇಳಲಿಲ್ಲ. ಆ ಕೆಲಸಕ್ಕೆ ಉತ್ತರ ಕೊಡುವವರು ಅಂತ ಯಾರನ್ನೂ ಯಾವತ್ತೂ ಗೊತ್ತು ಮಾಡಿರಲಿಲ್ಲ. ಕೊನೆಗೆ ಕಾರ್ಯದರ್ಶಿ ಮೇಡಂ ಹತ್ತಿರ ಹೋಗಿ 32 ರೂಪಾಯಿ 88 ಪೈಸೆಯ ಲೆಕ್ಕ ಕಾಗದದ ಮೇಲೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಬ್ಯಾಂಕಿನಿಂದ ಬರವಣಿಗೆಯಲ್ಲಿ ತರಿಸ್ತೀನಿ, ಬಂದ ಮೇಲೆ ತೆಗೀರಿ. ಅಲ್ಲೀವರೆಗೆ ಬಡ್ಡಿಯನ್ನ ಕಂತಿನ ದಿನಕ್ಕೇ ನಿಲ್ಲಿಸಿ" ಅಂದರು. ಹಾಗೇ ಆಯಿತು.

ಆಮೇಲೆ ಎಲ್ಲ 37 ಕೆಲಸಕ್ಕೂ ಎರಡು ಹೆಸರು ಬರೆದೆವು. ಓನರ್ ಸಾಲಿನಲ್ಲಿ ಪ್ರೋಗ್ರಾಂ ನೋಡುವ ಗ್ರೂಪ್. ನಮ್ಮದೇ ಒಂದು ಅನೋಟೇಶನ್‌ನಲ್ಲಿ ಸೊಸೈಟಿ ಕಡೆಯ ಟೇಬಲ್, ಅಂದರೆ ವಿಭಾಗ: ವಸೂಲಿ, ಅಕೌಂಟ್ಸ್, ಒಡವೆ ಸಾಲ, ಕಾರ್ಯದರ್ಶಿ. ವ್ಯಕ್ತಿಯ ಹೆಸರು ಬೇಡ, ಟೇಬಲ್ ಹೆಸರು ಸಾಕು ಅಂತ ತೀರ್ಮಾನಿಸಿದೆವು. ಜನ ವರ್ಗ ಆಗುತ್ತಾರೆ, ಟೇಬಲ್ ಅಲ್ಲೇ ಇರುತ್ತದೆ.

ಹಂತ 7: ಎರಡು ಸಲ ಓಡಿಸಬಹುದೇ

ದುಡ್ಡಿನ ಕೆಲಸದಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಕೈಗೆ ಸಿಗುವ ಹಾಗಿರಬೇಕು. ಕೆಲಸ ಅರ್ಧದಲ್ಲಿ ನಿಂತರೆ ಮತ್ತೆ ಓಡಿಸಬಹುದೇ? ಪಿಗ್ಮಿ ಜಮಾ ಓಡಿಸಬಹುದು. ಏಜೆಂಟರ ಮಷೀನ್‌ನಿಂದ ಬರುವ ರಸೀತಿ ಸಂಖ್ಯೆ ಒಂದು ಸಲ ಜಮಾ ಆದ ಮೇಲೆ ಡೇಟಾಬೇಸ್ ಅದನ್ನು ಮತ್ತೆ ತಗೊಳ್ಳುವುದಿಲ್ಲ. ಉಳಿತಾಯ ಖಾತೆಯ ಬಡ್ಡಿ ಜಮಾ ಮತ್ತೆ ಓಡಿಸಲೇಬಾರದು, ಎಲ್ಲರಿಗೂ ಎರಡೆರಡು ಸಲ ಬಡ್ಡಿ ಬೀಳುತ್ತದೆ. ನ್ಯಾಚ್ ಫೈಲ್ ಬ್ಯಾಂಕಿಗೆ ಹೋಗಿದೆಯೋ ಇಲ್ಲವೋ ನೋಡಿಕೊಂಡು ಓಡಿಸಬೇಕು. ಇಲ್ಲದಿದ್ದರೆ ಸದಸ್ಯನ ಖಾತೆಯಿಂದ ಕಂತು ಎರಡು ಸಲ ಹೋಗಬಹುದು.

ಇದನ್ನು ಮೊದಲು ದಾಖಲೆಯ ಲೇಬಲ್ ಆಗಿ ಕನ್ನಡದಲ್ಲಿ ಹಾಕಿದೆವು. ಲೇಬಲ್‌ನಲ್ಲಿ ಬರೆಯುವ ಮಾತಿಗೂ ಹೆಸರಿನ ಹಾಗೇ ಇಂಗ್ಲಿಷ್ ಅಕ್ಷರದ ಕಟ್ಟುಪಾಡು, ಒಪ್ಪಲಿಲ್ಲ. ಅನೋಟೇಶನ್‌ಗೆ ಬದಲಾಯಿಸಿದೆವು, ಅಲ್ಲಿ ಕನ್ನಡ ನಡೆಯುತ್ತದೆ. ಆದರೆ ಅನೋಟೇಶನ್ ಪುಟದ ಮೇಲೆ ಕಾಣುವುದಿಲ್ಲ, ಮೂರು ಚುಕ್ಕೆ ಒತ್ತಿ ಒಳಗೆ ಹೋಗಿ ನೋಡಬೇಕು. ರಾತ್ರಿ ಹನ್ನೊಂದಕ್ಕೆ ಕೆಲಸ ನಿಂತಾಗ ಅಷ್ಟೆಲ್ಲ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅದಕ್ಕೇ ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಕೋಡ್ ಲೈಬ್ರರಿ) ಒಂದು ಸಣ್ಣ ಕಾರ್ಡ್ ಬರೆದು ಪುಟದ ಮೇಲ್ತುದಿಗೆ ಕೂರಿಸಿದೆವು. ಮೂರೇ ಮಾತು: ಹಸಿರಿನಲ್ಲಿ "ಮತ್ತೆ ಓಡಿಸಬಹುದು", ಕೆಂಪಿನಲ್ಲಿ "ಓಡಿಸಬೇಡಿ", ಹಳದಿಯಲ್ಲಿ "ಕೇಳಿ ಓಡಿಸಿ". ಕೆಳಗೆ ಯಾವ ಟೇಬಲ್‌ಗೆ ಕೇಳಬೇಕು ಅಂತ ಇರುತ್ತದೆ. ಬ್ಯಾಕ್‌ಸ್ಟೇಜ್‌ನಲ್ಲಿ ನಾವು ಬರೆದ ಕೋಡ್ ಇದೊಂದೇ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ಹೊಸ ಕೆಲಸ ಸೇರಿಸುವಾಗ ಈ ಮಾಹಿತಿ ತಪ್ಪಬಾರದು ಅಂತ ಬ್ಯಾಕ್‌ಸ್ಟೇಜ್‌ನಲ್ಲೇ ಒಂದು ಟೆಂಪ್ಲೇಟ್ ಫಾರಂ ಮಾಡಿದ್ದೇವೆ. ಓನರ್, ಸೊಸೈಟಿ ಟೇಬಲ್, ವೇಳೆ, ಮತ್ತೆ ಓಡಿಸಬಹುದೇ, ಯಾವ ಫೋಲ್ಡರ್ ಮತ್ತು ಡೇಟಾಬೇಸ್ ಬೇಕು ಅನ್ನುವುದನ್ನು ತುಂಬದೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ತುಂಬಿದರೆ ಯಾಮಲ್ ಫೈಲ್ ತಾನೇ ತಯಾರಾಗಿ ಗಿಟ್‌ಲ್ಯಾಬ್‌ಗೆ ಮರ್ಜ್ ರಿಕ್ವೆಸ್ಟ್ (ಈ ಫೈಲ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹೋಗುತ್ತದೆ.

ಹಂತ 8: ಹಳೇ ಶೀಟ್ ಮುಚ್ಚಿದ್ದು

ಒಂದು ಪೂರ್ತಿ ತಿಂಗಳ ಕೊನೆ ದಾಟುವವರೆಗೆ ಶೀಟ್ ಮತ್ತು ಕ್ಯಾಟಲಾಗ್ ಎರಡನ್ನೂ ಇಟ್ಟುಕೊಂಡೆವು. ಆ ಸಮಯದಲ್ಲೇ ಬ್ಯಾಂಕಿನಿಂದ ಒಂದು ಇಮೇಲ್ ಬಂತು, ಒಂದು ರಾತ್ರಿ ಎಸ್‌ಎಫ್‌ಟಿಪಿ ಸರ್ವರ್ ಇರುವುದಿಲ್ಲ ಅಂತ. ಹಿಂದೆ ಇಂಥದ್ದು ಬಂದರೆ ಯಾವ ಯಾವ ಕೆಲಸಕ್ಕೆ ಪೆಟ್ಟು ಅಂತ ನೆನಪಿನಿಂದ ಹೇಳಬೇಕಿತ್ತು. ಈ ಸಲ ಆ ಫೋಲ್ಡರ್‌ನ ರಿಸೋರ್ಸ್ ಪುಟ ತೆರೆದು ಗ್ರಾಫ್ ನೋಡಿದೆವು. ಐದು ಕೆಲಸ ಅದಕ್ಕೆ ತಗುಲಿಕೊಂಡಿದ್ದವು. ಅದರಲ್ಲಿ ಒಂದು ನಮ್ಮ ಯಾರ ನೆನಪಿನಲ್ಲೂ ಇರಲಿಲ್ಲ: ವಾಪಸ್ ಆದ ನ್ಯಾಚ್ ಕಂತುಗಳನ್ನು ಓದಿ ದಂಡ ಹಾಕುವ ಕೆಲಸ. ಫೈಲ್ ಸಿಗದಿದ್ದರೆ ಅದು ಹಿಂದಿನ ದಿನದ ಫೈಲನ್ನೇ ಓದುತ್ತಿತ್ತು. ಆ ರಾತ್ರಿ ಐದನ್ನೂ ನಿಲ್ಲಿಸಿ ಮರುದಿನ ಓಡಿಸಿದೆವು. ಆ ಹಳೇ ಫೈಲ್ ಓದುವ ಅಭ್ಯಾಸವನ್ನೂ ಆ ವಾರವೇ ತಿದ್ದಿದೆವು.

ಅದಾದ ಮೇಲೆ ಶೀಟನ್ನು ಓದಲು ಮಾತ್ರ ಅಂತ ಮಾಡಿ ಬದಿಗಿಟ್ಟೆವು.

ಖರ್ಚು: ರ‍್ಯಾಮ್ 1,900, ಎಸ್‌ಎಸ್‌ಡಿ 1,700, ಯುಪಿಎಸ್ 2,900. ಒಟ್ಟು 6,500 ರೂಪಾಯಿ. ಸಾಫ್ಟ್‌ವೇರ್‌ಗೆ ಏನೂ ಇಲ್ಲ. ಬ್ಯಾಕಪ್ ತಗೊಳ್ಳಬೇಕಾದ್ದು ಮುಖ್ಯವಾಗಿ ಗಿಟ್ ರೆಪೊಸಿಟರಿಯನ್ನು. ಯಾಮಲ್ ಫೈಲ್‌ಗಳಿದ್ದರೆ ಕ್ಯಾಟಲಾಗನ್ನು ಅವುಗಳಿಂದಲೇ ಮತ್ತೆ ಕಟ್ಟಿಕೊಳ್ಳಬಹುದು.

ಬಾಕಿ ಇರುವುದು

ಆಲೂರು ಶಾಖೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿರುವ ಎರಡು ಕೆಲಸ ಇನ್ನೂ ಅಲ್ಲೇ ಇವೆ. ಒಡವೆ ತೂಕದ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಆ ಮಷೀನಿಗೇ ಅಂಟಿಕೊಂಡಿದೆ. ಕ್ಯಾಟಲಾಗ್‌ನಲ್ಲಿ ಅವನ್ನು ದಾಖಲಿಸಿದ್ದೇವೆ, ಸರ್ವರ್‌ಗೆ ತರಲು ಆಗಿಲ್ಲ. ಆ ಪ್ರಿಂಟರ್‌ಗೆ ಲಿನಕ್ಸ್ ಡ್ರೈವರ್ ಹುಡುಕುತ್ತಿದ್ದೇವೆ. ಹತ್ತಿರದಲ್ಲಿ ಯಾರಾದರೂ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಕನ್ನಡ ಚೀಟಿಯನ್ನು ಲಿನಕ್ಸ್‌ನಿಂದ ತೆಗೆದಿದ್ದರೆ ದಯವಿಟ್ಟು ಹೇಗೆ ಅಂತ ತಿಳಿಸಿ. ಸುಸ್ತಿ ಪಟ್ಟಿಯ ಮ್ಯಾಕ್ರೋವನ್ನು ಪ್ರೋಗ್ರಾಂ ಮಾಡುವ ಕೆಲಸ ಅಕೌಂಟೆಂಟ್ ಮೇಡಂ ಜೊತೆ ಕೂತು ನಡೆಯುತ್ತಿದೆ. ಕೋರ್ಟ್‌ನಲ್ಲಿರುವ ಖಾತೆಗಳನ್ನು ಗುರುತಿಸುವುದು ಸದ್ಯಕ್ಕೆ ಅವರಿಗೆ ಮಾತ್ರ ಗೊತ್ತು. ಅದಕ್ಕೆ ಖಾತೆಯಲ್ಲೇ ಒಂದು ಗುರುತು ಬೇಕು ಅಂತ ಅವರೇ ಬರೆದುಕೊಟ್ಟಿದ್ದಾರೆ. ಮಾರ್ಚ್ 31ರ ಒಳಗೆ ಅದು ಆಗಬೇಕು.